ತಣ್ಣಗಿನ ಡ್ರಮ್

"ನನ್ನ ಕಾರು ಎಷ್ಟು ಗಕ್ಕನೆ ನಿಂತಿತೆಂದರೆ, ಹಿಂದಿದ್ದ ಧೂಳು ನನ್ನನ್ನು ದಾಟಿ ಮುಂದೆ ಹೋಗಿ, ಆಮೇಲೆ ನಾಚಿಕೊಂಡು ವಾಪಸ್ ಬಂತು!" ಎಂದ ಜೋಕಿಂ.

ದೇಚವ್ವನ ಅನುಮಾನ ಬೆಟ್ಟದಷ್ಟಾಯಿತು. ಹಳೇ ಕಾರುಗಳ ಈ ರೇಸಿನಲ್ಲಿ ಡ್ರಮ್ ಬ್ರೇಕಿಗೆ ಮಾತ್ರ ಅವಕಾಶ. ಡ್ರಮ್ ಬ್ರೇಕಿನ ಕಾರು ಹಾಗೆ ನಿಲ್ಲುವುದುಂಟೇ? ಫೈನಲ್‌ನಲ್ಲಿ ಇವನ ಪಕ್ಕದಲ್ಲಿ ಓಡಬೇಕಾದವಳು ಅವಳೇ.

"ಕದ್ದು ಡಿಸ್ಕ್ ಬ್ರೇಕ್ ಹಾಕಿಸಿದ್ದೀಯ. ಚಕ್ರ ಬಿಚ್ಚು."

"ನನ್ನ ಮಾತಿಗೆ ಬೆಲೆ ಇಲ್ವಾ ಮಾರಾಯ್ತಿ?"

"ನಿನ್ನ ಮಾತಿಗಾ? ಬಿಚ್ಚು ಮೊದಲು."

ಚಕ್ರ ಕಳಚಿದಾಗ ಒಳಗಿದ್ದದ್ದು ಡ್ರಮ್ಮೇ. ಈಗಷ್ಟೇ ಸೆಮಿಫೈನಲ್ ಓಡಿದ ಕಾರು, ಬ್ರೇಕಿನ ಬಿಸಿಗೆ ಡ್ರಮ್ ಮುಟ್ಟಿದರೆ ಕೈ ಸುಡಬೇಕಿತ್ತು. ಅದು ನೀರಿನ ಹೂಜಿಯಷ್ಟು ತಣ್ಣಗಿತ್ತು.

"ನೀನು ಬ್ರೇಕ್ ಒತ್ತಲೇ ಇಲ್ಲ, ಜೋಕಿಂ."

"ಎರಡು ಕಾಲಲ್ಲೂ ಒತ್ತಿದೆ. ಅದು ಹಿಡಿಯಲಿಲ್ಲ."

"ಮತ್ತೆ ಕಾರು ನಿಂತದ್ದು ಹೇಗೆ?"

ಜೋಕಿಂ ತಲೆ ತಗ್ಗಿಸಿದ. "ಪೆಟ್ರೋಲ್ ಮುಗಿದು."

ದೂರದಲ್ಲಿ ಫೈನಲ್‌ಗೆ ಕರೆಯುವ ಸೀಟಿ ಕೇಳಿಸಿತು.

"ಈಗ ಎಷ್ಟುಂಟು ಪೆಟ್ರೋಲ್?"

"ಟ್ಯಾಂಕ್ ಭರ್ತಿ ಮಾಡಿಸಿಬಿಟ್ಟೆ. ನಿನ್ನ ದಮ್ಮಯ್ಯ ದೇಚವ್ವ, ರೇಸ್ ನಡೆಸುವವರ ಹತ್ತಿರ ಓಡು, ನಾನು ಡಿಸ್ಕ್ ಹಾಕಿಸಿದ್ದೇನೆ ಅಂತಲೇ ದೂರು ಕೊಡು, ನನ್ನನ್ನು ಹೊರಗೆ ಹಾಕಲಿ!"