ತಾಯಿಗಿಂತ ಹಿರಿಯ ಮಗಳು

ಸೊಸೆ ಹಾಲಿನ ಬಕೆಟ್ ಉಜ್ಜುತ್ತಿದ್ದಳು. ಅತ್ತೆ ಹಸುಗಳ ಮೈಯ ಕೆಸರು ಒರೆಸುತ್ತಿದ್ದರು. ಕೊಟ್ಟಿಗೆ ಇಷ್ಟು ತುಂಬಿ ಎಷ್ಟು ಕಾಲವಾಗಿತ್ತೋ.

ಸರ್ಕಾರದಿಂದ ಇಂದು ಹಸು ಎಣಿಸಲು ಅಧಿಕಾರಿ ಬರುವವನಿದ್ದ.

ಸಾಂಕ್ರಾಮಿಕ ರೋಗದ ದಿನಗಳಲ್ಲಿ ಹೋಟೆಲುಗಳು ಬಾಗಿಲು ಹಾಕಿದಾಗ ಈ ಮನೆಯವರು ಹಾಲನ್ನು ಚರಂಡಿಗೆ ಸುರಿದಿದ್ದರು. ಮೇವಿಗೆ ದುಡ್ಡಿಲ್ಲದೆ ಅರ್ಧ ಹಸುಗಳನ್ನು ಮಾರಿದ್ದರು. ಸರ್ಕಾರ ಪರಿಹಾರ ಘೋಷಿಸಿದ್ದು ಆಮೇಲೆ. ಕೊಟ್ಟಿಗೆಯಲ್ಲಿ ಎಷ್ಟು ಹಸುವೋ ಅಷ್ಟು ಹಣ. ಮಾವ ಮಾರಿದವನ್ನೂ ಸೇರಿಸಿಯೇ ಅರ್ಜಿ ಹಾಕಿದ್ದರು. "ಅವೇನು ನಮ್ಮ ಹುಲ್ಲು ತಿಂದಿಲ್ವಾ?" ಎನ್ನುವುದು ಅವರ ವಾದ.

ಹಣ ಬರದಿದ್ದರೆ ಮುಂದಿನ ಸರದಿ ಕಂದು ಹಸುವಿನದು. ಅದನ್ನು ಸೊಸೆ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದಳು.

ಹಾಗಾಗಿ ನಿನ್ನೆ ಮುಸ್ಸಂಜೆಯಲ್ಲಿ ಮಾವ ಹಳ್ಳದಾಚೆಯ ಹುಲ್ಲುಗಾವಲಿಗೆ ಹೋಗಿ, ತಂಗಿಯ ಹಸುಗಳನ್ನು ಅಟ್ಟಿಕೊಂಡು ಬಂದಿದ್ದರು. ಒಂದು ದಿನದ ಮಟ್ಟಿಗೆ ಎರವಲು. ಅವುಗಳಲ್ಲಿ ಒಂದು ಕರಿ ಹಸು ಬೆಳಗಿನಿಂದ ಯಾರನ್ನೂ ಹತ್ತಿರ ಬಿಟ್ಟಿರಲಿಲ್ಲ.

"ನಿಮ್ಮ ತಂಗಿ ಮನೇದು ತಾನೇ," ಎಂದರು ಅತ್ತೆ ಮಾವನತ್ತ ತಿರುಗಿ, ಕಾಲು ನೀವಿಕೊಳ್ಳುತ್ತ. "ಒದೆಯೋದು ಮನೆತನದ ಗುಣ."

ಬೇಲಿಯ ಬಳಿ ಯಾರೋ ಕೆಮ್ಮಿದರು. ಮುಖಗವಸು ತೊಟ್ಟ ಒಬ್ಬ ಗಂಡಸು. ಬೂಟಿನ ತುಂಬ ಒದ್ದೆ ಹುಲ್ಲು, ಹೆಗಲ ಮೇಲೆ ಹಗ್ಗ.

"ಹಗ್ಗ ಅಳತೆ ಮಾಡೋಕಿರಬೇಕು," ಅತ್ತೆ ಪಿಸುಗುಟ್ಟಿದರು.

"ಹಸು ನೋಡೋಕೆ ಬಂದೆ," ಎಂದ ಆತ.

"ಬನ್ನಿ ಸ್ವಾಮಿ, ಬನ್ನಿ! ನಿಮ್ಮನ್ನೇ ಕಾಯ್ತಿದ್ವಿ," ಎಂದು ಮಾವ ಮುಂದೆ ಬಂದರು.

"ನನ್ನನ್ನಾ?" ಆತನ ಹುಬ್ಬು ಮೇಲೇರಿತು.

"ಮತ್ತಿನ್ಯಾರನ್ನ? ನೋಡಿ, ಎಲ್ಲಾ ನಮ್ಮವೇ. ಇಲ್ಲೇ ಹುಟ್ಟಿ ಬೆಳೆದವು."

ಆತ ಉಳಿದವುಗಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನೇರವಾಗಿ ಕರಿ ಹಸುವಿನ ಹತ್ತಿರ ಹೋಗಿ ನಿಂತ. "ಇವಳೂನಾ?"

"ಅಯ್ಯೋ, ಇವಳಂತೂ ಮನೆಮಗಳು! ಅವತ್ತು ಜೋರು ಮಳೆ. ನಾನೇ ಕೈ ಹಾಕಿ ಕರು ಎಳೆದೆ."

"ಇವಳ ತಾಯಿ ಯಾವುದು?"

ಮಾವ ಹಿಂದೆಮುಂದೆ ನೋಡದೆ ಕಂದು ಹಸುವನ್ನು ತೋರಿಸಿದರು.

ಆತ ಎರಡರ ಕೊಂಬುಗಳನ್ನೂ ನಿಧಾನವಾಗಿ ನೋಡಿದ. "ಮಗಳೇ ತಾಯಿಗಿಂತ ಹಿರಿಯಳ ಹಾಗೆ ಕಾಣ್ತಾಳಲ್ಲ, ಯಜಮಾನ್ರೇ."

"ಕಷ್ಟದ ಕಾಲ, ಸ್ವಾಮಿ. ಮಕ್ಕಳಿಗೆ ಬೇಗ ವಯಸ್ಸಾಗುತ್ತೆ."

ಅತ್ತೆಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಕರಿ ಹಸು ಕತ್ತು ಚಾಚಿ ಆತನ ತೋಳನ್ನು ನೆಕ್ಕತೊಡಗಿತು.

"ನಿಮ್ಮ ಕೈಗುಣ ನೋಡಿ!" ಎಂದರು ಮಾವ.

"ಹಾಲು ಕೊಟ್ಟಳಾ?" ಆತ ಸೊಸೆಯನ್ನು ಕೇಳಿದ.

"ಒದೀತಾಳೆ." ಅಂದು ಅವಳು ಆಡಿದ ಮೊದಲ ಮಾತು ಅದು.

"ಎಲ್ಲರೂ ಕೂರೋ ಕಡೆ ಕೂತಿರ್ತೀಯ. ಆ ಪಕ್ಕಕ್ಕೆ ಹೋಗಿ ಕೂತ್ಕೊಳಮ್ಮ."

ಅವಳು ಹೋಗಿ ಕೂತಳು. ಹಸು ಅಲುಗಲಿಲ್ಲ. ಹಾಲು ಸರ್ರನೆ ಬಕೆಟ್ಟಿಗೆ ಬಿತ್ತು. ಅವಳ ಕೈ ತಟ್ಟನೆ ನಿಂತಿತು. ಒಮ್ಮೆ ತಲೆಯೆತ್ತಿ ಆತನನ್ನು ನೋಡಿದಳು. ಮತ್ತೆ ತಲೆ ತಗ್ಗಿಸಿದಳು.

ಮಾವ ಮಾತ್ರ ಉಬ್ಬಿಹೋಗಿದ್ದರು. "ಸರ್ಕಾರ ಅಂದ್ರೆ ಹಸುವಿಗೂ ಭಯ ನೋಡಿ! ಎಲ್ಲಾ ಕಣ್ಣಾರೆ ಕಂಡಿರಲ್ಲ. ಇನ್ನು ಸಹಿ ಹಾಕಿಬಿಡಿ, ಸ್ವಾಮಿ."

"ಸಹಿ ಹಾಕೋರ ಜೀಪು ಹಳ್ಳದಲ್ಲಿ ಹೂತಿದೆ, ಇನ್ನೇನು ನಡ್ಕೊಂಡು ಬರ್ತಾರೆ," ಎಂದ ಆತ. "ನಾನು ನಿಮ್ಮ ತಂಗಿ ಪಕ್ಕದ ಮನೆಯವನು. ನಿನ್ನೆ ಸಂಜೆ ಅವರ ಹಸುಗಳ ಜೊತೆ ನನ್ನ ಕರಿಯಳೂ ಬಂದ್ಬಿಟ್ಟಿದಾಳೆ. ಕರ್ಕೊಂಡು ಹೋಗ್ಲಾ?"