ಕನ್ನಡಕ ಹಾಕಿದವರು ವಿಮಾನ ಓಡಿಸಬಹುದೇ?

ಓದುತ್ತಾ ನಗು ಬಂದರೆ ನಕ್ಕುಬಿಡಿ... ಕೊನೆಯಲ್ಲಿ ಕಣ್ಣು ಒದ್ದೆಯಾದರೆ ನನ್ನನ್ನು ಬೈಯಬೇಡಿ.

ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರ ಈರಣ್ಣನವರದ್ದೊಂದು ಚಿಕ್ಕ ಕನ್ನಡಕದ ಅಂಗಡಿ. ಓಣಿಯ ಅರ್ಧ ಜನರ ಮೂಗಿನ ಮೇಲೆ ಕೂತಿರುವುದು ಅವರು ಕೊಟ್ಟ ಕನ್ನಡಕವೇ.

ಅವರ ಮಗಳು ಶಾಂಭವಿಗೆ ಮಾತ್ರ ಕನ್ನಡಕ ಇರಲಿಲ್ಲ. "ನಮ್ಮ ಹುಡುಗೀದು ಹದ್ದಿನ ಕಣ್ಣರೀ!" ಎಂದು ಈರಣ್ಣ ಬಂದ ಗಿರಾಕಿಗಳಿಗೆಲ್ಲ ಹೇಳಿಕೊಳ್ಳುತ್ತಿದ್ದರು.

ನಿಜ ಏನೆಂದರೆ... ಆ ಹದ್ದಿಗೆ ಕ್ಲಾಸಿನ ಬೋರ್ಡ್ ಮೇಲೆ ಬರೆದದ್ದು ಒಂದೂ ಕಾಣುತ್ತಿರಲಿಲ್ಲ!

ಹಾಗಾದರೆ ಅಪ್ಪ ಕಣ್ಣು ಪರೀಕ್ಷೆ ಮಾಡಿದಾಗ?

ಅಂಗಡಿಯ ಗೋಡೆ ಮೇಲಿನ ಇಂಗ್ಲಿಷ್ ಅಕ್ಷರಗಳ ಚಾರ್ಟ್ ಎದುರಿಗೇ ಆಡಿ ಬೆಳೆದವಳು ಅವಳು. ಮೇಲಿನ ದೊಡ್ಡ ಅಕ್ಷರದಿಂದ ಕೆಳಗಿನ ಇರುವೆಯಷ್ಟು ಅಕ್ಷರದವರೆಗೆ ಎಲ್ಲ ಬಾಯಿಪಾಠ... ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿಬಿಡುತ್ತಿದ್ದಳು. ಅಪ್ಪ ಬೆನ್ನು ತಟ್ಟುತ್ತಿದ್ದರು.

ಯಾಕೆ ಈ ಕಳ್ಳಾಟ ಅಂತೀರಾ? ಶಾಂಭವಿಗೆ ಪೈಲಟ್ ಆಗಬೇಕಿತ್ತು.

ಒಂದು ಮದುವೆ ಊಟದಲ್ಲಿ ದೂರದ ಕಾಕಾ ಒಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ತೀರ್ಪು ಕೊಟ್ಟಿದ್ದರು... "ಕನ್ನಡಕ ಬಂತಂದ್ರ ಪೈಲಟ್ ಆಗೂದು ಅಲ್ಲಿಗೇ ಮುಗೀತು ನೋಡವಾ."

ಆ ಕಾಕಾ ಒಮ್ಮೆಯೂ ವಿಮಾನ ಹತ್ತಿದವರಲ್ಲ. ಆದರೆ ಮಾತಾಡುವುದಕ್ಕೆ ಟಿಕೆಟ್ ಬೇಡವಲ್ಲ!

ಅವತ್ತಿನಿಂದ ಹುಡುಗಿ ತನ್ನ ಕಣ್ಣನ್ನು ಬಚ್ಚಿಟ್ಟಳು. ಬೋರ್ಡ್ ಕಾಣದೆ ಗಣಿತ ತಲೆಗೆ ಹತ್ತಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಹೇಗೋ ಪಾಸಾದಳು.

ಪಿಯುಸಿ ಅಡ್ಮಿಶನ್ ಹತ್ತಿರ ಬಂತು. ಅವತ್ತು ಅಂಗಡಿಯಲ್ಲಿ ಅವಳು ಮೆಲ್ಲಗೆ ಹೇಳಿದಳು... "ಅಪ್ಪಾ, ನನಗ ಸೈನ್ಸ್ ಬ್ಯಾಡ. ಆರ್ಟ್ಸ್ ತಗೋತೀನಿ."

"ಮತ್ತ ವಿಮಾನ?"

"ಅದು ನನ್ನ ಕೈಲೆ ಆಗೂದಲ್ಲ ಬಿಡು."

ಆರ್ಟ್ಸ್ ಏನೂ ಕಡಿಮೆಯಲ್ಲ ಬಿಡಿ... ಆದರೆ ಅವಳಿಗೆ ಬೇಕಿದ್ದದ್ದು ಅದಲ್ಲ. ಹೇಳಿದವಳೇ ಬಟ್ಟೆ ತಗೊಂಡು ಫ್ರೇಮ್ ಒರೆಸತೊಡಗಿದಳು.

ಅಷ್ಟರಲ್ಲಿ ಒಬ್ಬ ಹೆಣ್ಣುಮಗಳು ಮುರಿದ ಕನ್ನಡಕ ಹಿಡಿದುಕೊಂಡು ಒಳಗೆ ಬಂದರು. "ಇದೇ ನಂಬರಿನ ಎರಡು ಕನ್ನಡಕ ಮಾಡಿಕೊಡ್ರಿ."

"ಎರಡ್ಯಾಕ್ರಿ ಮೇಡಂ? ಒಂದು ಮುರಿದ್ರ ನಾ ಇಲ್ಲೇ ಇರ್ತೀನಲ್ಲ," ಎಂದರು ಈರಣ್ಣ.

"ಆಕಾಶದಾಗ ಮುರಿದ್ರ ನೀವು ಬರ್ತೀರೇನ್ರಿ?" ಆಕೆ ನಕ್ಕರು. "ನಾ ಪೈಲಟ್ ರೀ. ವಿಮಾನ ಹಾರಸೂವಾಗ ಇನ್ನೊಂದು ಕನ್ನಡಕ ಕೈಗೆ ಸಿಗೂ ಹಂಗ ಇರಲೇಬೇಕು. ರೂಲ್ ಅದ."

ಫ್ರೇಮ್ ಒರೆಸುತ್ತಿದ್ದ ಶಾಂಭವಿಯ ಕೈ ನಿಂತೇ ಹೋಯಿತು.

"ಅಕ್ಕಾರ... ಕನ್ನಡಕ ಇದ್ದವ್ರೂ ಪೈಲಟ್ ಆಗಬಹುದೇನ್ರಿ?"

"ಯಾಕ? ನಾ ಕಾಣವಲ್ಲೆ ಏನು? ಕನ್ನಡಕ ಹಾಕ್ಕೊಂಡ ಮ್ಯಾಲೆ ನೆಟ್ಟಗ ಕಾಣಬೇಕು, ಡಾಕ್ಟರ್ ಮಾಡೂ ಮೆಡಿಕಲ್ ಟೆಸ್ಟ್ ಪಾಸಾಗಬೇಕು... ಅಷ್ಟ ನೋಡು."

ಶಾಂಭವಿ ಗಳಗಳನೆ ಅತ್ತುಬಿಟ್ಟಳು. ಅಳುತ್ತಲೇ ಎಲ್ಲ ಹೇಳಿದಳು... ಬಾಯಿಪಾಠದ ಚಾರ್ಟ್, ಕಾಣದ ಬೋರ್ಡ್, ಕಾಕಾನ ಮಾತು, ಎಲ್ಲ.

ಈರಣ್ಣ ಬೈಯಲಿಲ್ಲ. ಕಪಾಟಿನಿಂದ ಕನ್ನಡ ಅಕ್ಷರಗಳ ಚಾರ್ಟ್ ತೆಗೆದು ತೂಗುಹಾಕಿದರು. "ಈಗ ಓದವಾ."

ಮೊದಲ ಸಾಲು ದಾಟಲು ಅವಳಿಂದ ಆಗಲಿಲ್ಲ.

"ಊರ ಮಂದಿ ಕಣ್ಣೆಲ್ಲಾ ನೋಡ್ತೀನಿ... ನನ್ನ ಮಗಳ ಕಣ್ಣು ನೋಡಲಿಲ್ಲಲ್ಲ ನಾ!" ಈರಣ್ಣ ಮುಖ ಮುಚ್ಚಿಕೊಂಡರು.

ಪೈಲಟಮ್ಮ ಸ್ಟೂಲ್ ಎಳೆದುಕೊಂಡು ಕೂತರು. "ಅಳೂದು ಸಾಕು, ಇಲ್ಲಿ ಕೇಳು. ಪಿಯುಸಿ ಒಳಗ ಫಿಸಿಕ್ಸ್, ಮ್ಯಾಥ್ಸ್ ಬಿಡಬ್ಯಾಡ. ಫ್ಲೈಯಿಂಗ್ ಸ್ಕೂಲಿಗೆ ಫೀ ಕಟ್ಟೂಕಿಂತ ಮೊದಲ ಮೆಡಿಕಲ್ ಮಾಡಿಸ್ಕೋ. ಮತ್ತ ಡಾಕ್ಟರ್ ಮುಂದ ಬಾಯಿಪಾಠ ಒಪ್ಪಸಬ್ಯಾಡ!"

ಅಳುತ್ತಿದ್ದ ಅಪ್ಪ ಮಗಳಿಬ್ಬರೂ ನಕ್ಕರು.

ಸಂಜೆಯೊಳಗೆ ಶಾಂಭವಿಯ ಕನ್ನಡಕ ತಯಾರಾಯಿತು. ಹಾಕಿಕೊಂಡು ಅಂಗಡಿ ಬಾಗಿಲಲ್ಲಿ ನಿಂತವಳು ಎದುರು ಸಾಲಿನ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದತೊಡಗಿದಳು. ಬಳೆ ಅಂಗಡಿ, ಪಾತ್ರೆ ಅಂಗಡಿ, ಟೇಲರ್... ದಾರಿಹೋಕರು ನಿಂತು ನೋಡಿದರು.

ಆಮೇಲೆ ತಿರುಗಿ, ಒಳಗೆ ಮೂಲೆಯಲ್ಲಿ ನಿಂತಿದ್ದ ಅಪ್ಪನನ್ನು ನೋಡಿದಳು.

"ಅಪ್ಪಾ... ನಿನ್ನ ಮೀಸಿ ಇಷ್ಟು ಬೆಳ್ಳಗಾಗೇತೇನು?"

ಈರಣ್ಣನವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದರು.

ಮರುದಿನ ಕಾಲೇಜಿನಲ್ಲಿ ಕ್ಲರ್ಕ್ ಕೇಳಿದರು, "ಯಾವ ಕಾಂಬಿನೇಷನ್ ರೀ?"

ಮಗಳು ಬಾಯಿ ತೆರೆಯುವ ಮೊದಲೇ ಈರಣ್ಣ ಇಡೀ ಸಾಲಿಗೆ ಕೇಳುವಂತೆ ಹೇಳಿದರು... "ಫಿಸಿಕ್ಸ್, ಮ್ಯಾಥ್ಸ್ ಇರೂದು ಕೊಡ್ರಿ. ಈಕಿ ಪೈಲಟ್ ಆಗಾಕಿ ಅದಾಳ!"

* * *

ಯಾರೋ ಹೇಳಿದರೆಂದು ಕನಸನ್ನು ಬಿಡಬೇಡಿ... ಆ ದಾರಿಯಲ್ಲಿ ನಡೆದವರನ್ನು ಒಮ್ಮೆ ಕೇಳಿ ನೋಡಿ.

ನಿಮ್ಮ ಮನೆಯ ಮಗು "ನನಗೆ ಆ ಕೋರ್ಸ್ ಬೇಡ" ಅಂದಾಗ... ಬೇಡ ಅನ್ನುವುದರ ಹಿಂದೆ ಯಾವ ಭಯ ಇದೆ ಎಂದು ಪಕ್ಕ ಕೂರಿಸಿಕೊಂಡು ಕೇಳಿದ್ದೀರಾ?