ವಿಗಿನ್ ಬಾಯಿ ಬಿಟ್ಟ ಭಾನುವಾರ

"ಬಾಯಿ ಬಿಡ್ತಾನೆ ಕಣೇ, ಇವತ್ತು ಖಂಡಿತಾ ಬಾಯಿ ಬಿಡ್ತಾನೆ!" ಹಿಲ್ಡಾ ಪೆನ್‌ಫೋಲ್ಡ್ ಗೆಳತಿ ಕ್ವೀನಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹುಲ್ಲುಗಾವಲಿನ ಆ ತುದಿಯಲ್ಲಿ, ಹಲಗೆ ಮೆಟ್ಟಿ ಬೇಲಿ ದಾಟುವ ತಡಮೆಯ ಪಕ್ಕ, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ ಹುಲ್ಲುಗಾವಲಿನ ಒಡೆಯ ಆಂಬ್ರೋಸ್ ವಿಗಿನ್. ಇಪ್ಪತ್ತು ವರ್ಷದಲ್ಲಿ ಆ ಮನುಷ್ಯ ಒಂದು ದಿನವೂ ಹೀಗೆ ಎದುರು ನಿಂತವನಲ್ಲ.

ಹಿಲ್ಡಾಳ ಊರು ನೆದರ್‌ಕೂಮ್‌ನಿಂದ ಪಕ್ಕದ ಸ್ಟೋಕ್‌ಲಿಗೆ ರಸ್ತೆ ಹಿಡಿದರೆ ನಾಲ್ಕು ಮೈಲಿ, ಅದೂ ಲಾರಿಗಳಿಗೆ ಮೈ ಸವರಿಸಿಕೊಂಡು. ವಿಗಿನ್‌ನ ಹುಲ್ಲುಗಾವಲು ಹಾದರೆ ಒಂದೂವರೆ ಮೈಲಿ. ಕುರಿಮರಿ ನೋಡುತ್ತಾ, ಊರವರ ಮೇಲೆ ಚಾಡಿ ಹೇಳುತ್ತಾ ಹೋದರೂ ಸ್ಟೋಕ್‌ಲಿಯ ಚಹಾ ಅಂಗಡಿಯಲ್ಲಿ ಬಿಸಿ ಸ್ಕೋನ್ ಬನ್ನು ಸಿಗುತ್ತದೆ. ಒಂದು ಭಾನುವಾರ ಮೊದಲು ಹೊರಟವಳು ಹಿಲ್ಡಾ; ಎರಡೂ ಊರಿನವರು ಅವಳ ಹೆಜ್ಜೆ ಹಿಡಿದರು. ಇಪ್ಪತ್ತು ವರ್ಷ ಹಾಡುಹಗಲಲ್ಲಿ ರಾಜಾರೋಷವಾಗಿ ನಡೆದರೆ ಆ ಕಾಲುದಾರಿ ಎಂದೆಂದಿಗೂ ಜನರದೇ ಎನ್ನುತ್ತದೆ ಕಾನೂನು. ನಡುವೆ ಒಡೆಯ ಒಮ್ಮೆ "ಬರಬೇಡಿ" ಅಂದರೂ ಕೆಟ್ಟಿತು, "ಧಾರಾಳವಾಗಿ ಬನ್ನಿ" ಅಂದರೂ ಕೆಟ್ಟಿತು. ಅಪ್ಪಣೆ ಪಡೆದು ನಡೆದದ್ದು ಹಕ್ಕಾಗುವುದಿಲ್ಲ. ಈ ಕಾನೂನು ಬರೆದವರಿಗೆ ಬೇರೆ ಕೆಲಸವಿರಲಿಲ್ಲವೇನೋ! ಅಂತೂ ಹಿಲ್ಡಾ ವಿಗಿನ್‌ನನ್ನು ಏನೂ ಕೇಳಲಿಲ್ಲ.

ಅವನೂ ಏನೂ ಹೇಳಲಿಲ್ಲ. ಒಳ್ಳೆಯದೇ ಆಯಿತೆನ್ನಿ. ಆದರೂ ಮನುಷ್ಯನಿಗೆ ಒಂದು "ಗುಡ್ ಮಾರ್ನಿಂಗ್"ಗೂ ಗತಿಯಿಲ್ಲವೇ? ಆ ಸೀಮೆಯಲ್ಲಿ ಬದ್ಧವೈರಿಗಳು ಎದುರಾದರೂ ಮಳೆ ಬಿಸಿಲಿನ ಬಗ್ಗೆ ಎರಡು ಮಾತಾಡದೆ ಮುಂದೆ ಹೋಗುವುದಿಲ್ಲ. ವಿಗಿನ್ ಟ್ರ್ಯಾಕ್ಟರ್ ಮೇಲಿಂದ ಮುಖ ತಿರುಗಿಸುತ್ತಿದ್ದ. ಹದಿನೇಳು ವರ್ಷದ ಹಿಂದೆ ಇದೇ ತಡಮೆಯ ಮುರುಕು ಹಲಗೆಯಿಂದ ಜಾರಿ ಹಿಲ್ಡಾ ಕೆಸರಿನಲ್ಲಿ ಅಂಗಾತ ಬಿದ್ದಾಗ, ಇಪ್ಪತ್ತು ಮಾರು ದೂರದಲ್ಲಿದ್ದವನು ನೋಡಿದ, ಬೆನ್ನು ಹಾಕಿ ನಿಂತ. ಅದನ್ನು ಅವಳು ಮರೆತಿರಲಿಲ್ಲ. ಮರೆಯುವ ಇರಾದೆಯೂ ಇರಲಿಲ್ಲ.

"ಹಿಂದಕ್ಕೆ ಹೋಗಿಬಿಡೋಣ್ವೇನೇ?" ಎಂದಳು ಕ್ವೀನಿ.

"ಹುಚ್ಚೀ! ಇವತ್ತೊಂದು ದಿನ ದಾಟಿದ್ರೆ ಇಪ್ಪತ್ತು ತುಂಬತ್ತೆ. ಹಾಡು ಹೇಳು, ಜೋರಾಗಿ. ಅವನು ಏನಂದ್ರೂ ನಮ್ಮ ಕಿವಿಗೆ ಬೀಳಬಾರ್ದು."

ಕ್ವೀನಿ ಚರ್ಚಿನ ಹಾಡೊಂದನ್ನು ಎತ್ತಿಕೊಂಡಳು. ಅವಳ ಕಂಠಕ್ಕೆ ಹೆದರಿ ಕುರಿಗಳೆಲ್ಲ ದಿಕ್ಕಾಪಾಲಾದವು. ಹಿಲ್ಡಾ ಎರಡೂ ಕಿವಿ ಮುಚ್ಚಿ, ತಲೆ ತಗ್ಗಿಸಿ, ಎಪ್ಪತ್ತೊಂದರ ಕಾಲುಗಳನ್ನು ಬೀಸಿ ಬೀಸಿ ಹಾಕಿದಳು. ವಿಗಿನ್‌ನ ತುಟಿ ಅಲುಗಿದ್ದು ಕಂಡಿತು.

"ಮಾತಾಡ್ಬೇಡಿ! ನಿಮ್ಮ ದಮ್ಮಯ್ಯ, ಇನ್ನು ಹತ್ತೇ ಹೆಜ್ಜೆ!" ಎಂದು ಕೂಗಿದಳು ಹಿಲ್ಡಾ.

ವಿಗಿನ್ ಪಾಪ, ಬಾಯಿ ಮುಚ್ಚಿಕೊಂಡ. ಆಮೇಲೆ ಜೇಬಿನಿಂದ ಕುರಿ ಮರಿಹಾಕಿದ ದಿನಗಳನ್ನು ಬರೆದಿಡುವ ಹಳೇ ಪುಸ್ತಕವೊಂದನ್ನು ತೆಗೆದು, ಒಂದು ಪುಟ ತೆರೆದು, ಅವಳತ್ತ ಹಿಡಿದ. ಹಿಲ್ಡಾ ಒಂದೇ ಒಂದು ಕಿವಿ ಬಿಟ್ಟಳು.

"ಮುಗೀತು, ಮಿಸೆಸ್ ಪೆನ್‌ಫೋಲ್ಡ್. ನೀವು ಭಾನುವಾರ ಎಣಿಸಿದ್ರಿ, ನಾನು ತಾರೀಖು. ನೀವು ಮೊದಲ ಸಲ ಬಂದದ್ದು ನಮ್ಮ ಕರಿಮೂತಿ ಕುರಿ ಮೂರು ಮರಿ ಹಾಕಿದ ದಿನ, ಏಪ್ರಿಲ್ ಹದಿನಾಲ್ಕು. ಮೊನ್ನೆ ಗುರುವಾರಕ್ಕೇ ಇಪ್ಪತ್ತು ತುಂಬ್ತು." ಅವನು ಉಸಿರು ಎಳೆದುಕೊಂಡ. "ಗುಡ್ ಮಾರ್ನಿಂಗ್."

ಕ್ವೀನಿಯ ಹಾಡು ಗಂಟಲಲ್ಲೇ ನಿಂತಿತು. "ಅಂದ್ರೆ, ನಿಮಗೆ ಎಲ್ಲಾ ಗೊತ್ತಿತ್ತಾ?" ಎಂದಳು ಹಿಲ್ಡಾ.

"ಗೊತ್ತಿದ್ದಕ್ಕೇ ಮುಖ ತಿರುಗಿಸ್ತಿದ್ದೆ. ನನ್ನ ಬಾಯಿ ಒಂದು ಗುಡ್ ಮಾರ್ನಿಂಗ್‌ಗೆ ನಿಲ್ಲೋದಲ್ಲ, ನಮ್ಮಮ್ಮನ ಗುಣ. ಮೂರನೇ ಮಾತಿಗೆ 'ಧಾರಾಳವಾಗಿ ಬನ್ನಿ' ಅಂದುಬಿಡ್ತಿದ್ದೆ. ನಿಮ್ಮ ದಾರಿ ಅವತ್ತೇ ಹೋಗ್ತಿತ್ತು."

"ಅಲ್ಲ ಮಾರಾಯ್ರೇ, ಅಷ್ಟು ಒಳ್ಳೇ ಮನಸ್ಸಿದ್ದೋರು ಕೊಟ್ಟೇಬಿಡಬಹುದಿತ್ತಲ್ಲ?" ಎಂದು ಕ್ವೀನಿ ಮೂದಲಿಸಿದಳು.

"ನಾನು ಬನ್ನಿ ಅಂದ್ರೆ ಅದು ನನ್ನ ದಯೆ. ನಾಳೆ ನನ್ನ ಅಳಿಯ ಬಂದು ಮುಳ್ಳುತಂತಿ ಬಿಗಿದ್ರೆ ಮುಗೀತು. ನೀವೇ ನಡೆದು ಪಡೆದದ್ದನ್ನ ಯಾರಪ್ಪ ಕಿತ್ಕೋತಾನೆ?"

ಹಿಲ್ಡಾಗೆ ನಗು ಬಂತು, ಅದರ ಹಿಂದೆಯೇ ಕಣ್ಣು ತುಂಬಿತು. ಇಪ್ಪತ್ತು ವರ್ಷ ಇವನನ್ನು ಸೊಕ್ಕಿನವನೆಂದು ಚಹಾ ಅಂಗಡಿಯಲ್ಲಿ ಬೈದದ್ದೆಲ್ಲ ನೆನಪಾಗಿ ಕೆನ್ನೆ ಕೆಂಪಾಯಿತು. ತಡಮೆ ಹತ್ತಲು ಕಾಲೆತ್ತಿದವಳು ಹಲಗೆಯನ್ನು ನೋಡಿ ನಿಂತಳು. ತಾನು ಬಿದ್ದ ಮರುವಾರವೇ ಅಲ್ಲಿ ಬಂದು ಕೂತಿದ್ದ ಓಕ್ ಮರದ ಗಟ್ಟಿ ಹಲಗೆ ಅದು.

"ಇದಕ್ಕೆ ನಾನು ಪಂಚಾಯ್ತಿಯವರಿಗೆ ಥ್ಯಾಂಕ್ಸ್ ಅಂತ ಕಾಗದ ಬರೆದಿದ್ದೆ," ಎಂದಳು ಮೆಲ್ಲಗೆ.

"ಗೊತ್ತು. ಅವರು ಅದನ್ನ ಗೋಡೆಗೆ ಅಂಟಿಸ್ಕೊಂಡಿದ್ರು."

ಕ್ವೀನಿ ಬಿದ್ದು ಬಿದ್ದು ನಕ್ಕಳು. ವಿಗಿನ್ ನಗಲಿಲ್ಲ. ಬೇಲಿ ದಾಟಿ ಆಚೆ ನಿಂತು, ಹುಲ್ಲಿನ ವಾಸನೆಯ ತನ್ನ ದೊಡ್ಡ ಕೈಯನ್ನು ಹಿಲ್ಡಾಳತ್ತ ಚಾಚಿದ.

"ತಡವಾಯ್ತು," ಎಂದ. "ಹದಿನೇಳು ವರ್ಷ."

ಆ ತಡಮೆಯನ್ನು ಹಿಲ್ಡಾ ಕಣ್ಣುಮುಚ್ಚಿ ದಾಟಬಲ್ಲವಳು. ಆದರೂ ಆ ಕೈ ಹಿಡಿದಳು; ಮೈಯ ಭಾರವನ್ನೆಲ್ಲ ಅದರ ಮೇಲೆ ಹಾಕಿ, ಬೇಕೆಂದೇ ನಿಧಾನವಾಗಿ, ಕೆಳಗಿಳಿದಳು.